ಹೆಸರಿಡದ ಕ್ಷಿಪ್ರಕ್ರಾಂತಿ

ಸರ್ಕಾರಗಳ ಭಾಷೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಯಾಕೆ ಓದಬೇಕು ಎಂದು ಯಾರಾದರೂ ಕೇಳಿದರೆ ನಾನು 2013ರ ಈಜಿಪ್ಟನ್ನು ತೋರಿಸುತ್ತೇನೆ. ಆ ವರ್ಷ ಜುಲೈ 3ರಂದು ಅಲ್ಲಿನ ಸೇನೆ ಚುನಾಯಿತ ಅಧ್ಯಕ್ಷ, ಮುಸ್ಲಿಂ ಬ್ರದರ್‌ಹುಡ್‌ನ ಮೊಹಮ್ಮದ್ ಮೊರ್ಸಿಯನ್ನು ಕೆಳಗಿಳಿಸಿ ಬಂಧನದಲ್ಲಿಟ್ಟಿತು, ಸಂವಿಧಾನವನ್ನು ಅಮಾನತಿನಲ್ಲಿಟ್ಟಿತು. ಇದನ್ನು ಏನೆಂದು ಕರೆಯಬೇಕು? ಅಮೆರಿಕ ಏನೆಂದೂ ಕರೆಯಲಿಲ್ಲ. ಸೇನೆ ಚುನಾಯಿತ ನಾಯಕನನ್ನು ಕ್ಷಿಪ್ರಕ್ರಾಂತಿಯಲ್ಲಿ ಉರುಳಿಸಿದರೆ ಆ ದೇಶಕ್ಕೆ ನೆರವು ನಿಲ್ಲಿಸಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಈಜಿಪ್ಟಿಗೆ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಹೋಗುತ್ತಿತ್ತು. ಹಾಗಾಗಿ, ನಡೆದದ್ದು ಕ್ಷಿಪ್ರಕ್ರಾಂತಿ ಹೌದೋ ಅಲ್ಲವೋ ಎಂದು ನಿರ್ಣಯಿಸುವ ಕಟ್ಟುಪಾಡೇ ತನಗಿಲ್ಲ ಎಂದುಬಿಟ್ಟಿತು ಒಬಾಮಾ ಆಡಳಿತ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಆಗಸ್ಟ್ ಮೊದಲ ದಿನ ವಿದೇಶಾಂಗ ಸಚಿವ ಜಾನ್ ಕೆರಿ, ಸೇನೆ ಪ್ರಜಾಪ್ರಭುತ್ವವನ್ನು ಮರಳಿ ತರುತ್ತಿದೆ ಎಂಬರ್ಥದ ಮಾತನ್ನೂ ಆಡಿದರು.

ಇದೇ ಒಬಾಮಾ 2009ರ ಜೂನ್ 4ರಂದು ಕೈರೋ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ ಗದ್ಯವಾಗಿ ಈಗಲೂ ಓದಿಸಿಕೊಳ್ಳುತ್ತದೆ. ತನ್ನ ಎಲ್ಲ ಜನರನ್ನು ಗೌರವಿಸುವ, ಶಾಂತಿಯುತವಾದ ಯಾವ ಚುನಾಯಿತ ಸರ್ಕಾರವನ್ನೂ ಸ್ವಾಗತಿಸುತ್ತೇವೆ ಎಂಬ ಭರವಸೆ ಅದರಲ್ಲಿದೆ. ಷರತ್ತು ನ್ಯಾಯವಾದದ್ದೇ. ಆದರೆ ಅದು ಅನ್ವಯವಾಗಿದ್ದು ಯಾರಿಗೆ? 2011ರ ಜನವರಿ 25ರಂದು ಜನ ತಹ್ರೀರ್ ಚೌಕಕ್ಕೆ ಬಂದಾಗ, ಮುಬಾರಕ್ ಸರ್ಕಾರ ಸ್ಥಿರವಾಗಿದೆ ಎಂದಿದ್ದರು ಹಿಲರಿ ಕ್ಲಿಂಟನ್. ಹದಿನೆಂಟನೆಯ ದಿನ ಮುಬಾರಕ್ ಹೋದರು. ಚೌಕದಲ್ಲಿ ನಿಂತವರಿಗೆ ‘ಸ್ಥಿರತೆ’ ಎಂದರೆ ಮೂವತ್ತು ವರ್ಷಗಳ ತುರ್ತುಪರಿಸ್ಥಿತಿ.

ಈ ಭಾಷೆಯ ಬೇರು ಇನ್ನೂ ಹಿಂದಿದೆ. ಅಲ್ಜೀರಿಯಾದಲ್ಲಿ 1991ರ ಡಿಸೆಂಬರಿನ ಮೊದಲ ಸುತ್ತಿನ ಮತದಾನದಲ್ಲಿ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಮುಂದಿತ್ತು. ಮುಂದಿನ ತಿಂಗಳು ಸೇನೆ ಎರಡನೆಯ ಸುತ್ತನ್ನೇ ರದ್ದುಮಾಡಿಸಿತು. ಕೆಲವೇ ತಿಂಗಳಲ್ಲಿ ಅಮೆರಿಕದ ಅಧಿಕಾರಿ ಎಡ್ವರ್ಡ್ ಜೆರೇಜಿಯನ್, ‘ಒಬ್ಬರಿಗೆ ಒಂದು ಮತ, ಅದೂ ಒಂದೇ ಸಲ’ ಎಂಬಂಥ ಪ್ರಜಾಪ್ರಭುತ್ವವನ್ನು ತಾವು ಒಪ್ಪುವುದಿಲ್ಲ ಎಂದರು. ಗಾದೆಯ ಲಯವಿರುವ ಮಾತು; ಲಯವೇ ಅರ್ಧ ಒಪ್ಪಿಸಿಬಿಡುತ್ತದೆ. ಆದರೆ ಅಲ್ಲಿ ಎರಡನೆಯ ಸಲ ಮತ ಹಾಕದಂತೆ ತಡೆದದ್ದು ಸೇನೆ. ನಂತರದ ಅಂತರ್ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು.

ಬ್ರದರ್‌ಹುಡ್ ಬಗೆಗಿನ ಭಯ ಬರೀ ಪಶ್ಚಿಮದ ಕಲ್ಪನೆ ಎನ್ನುವವರ ಓದೂ ಅರ್ಧ ಓದೇ. 2012ರ ನವೆಂಬರಿನಲ್ಲಿ ಮೊರ್ಸಿ ತಮ್ಮ ಆದೇಶಗಳನ್ನು ನ್ಯಾಯಾಲಯ ಪ್ರಶ್ನಿಸದಂತೆ ಮಾಡಹೊರಟಿದ್ದರು. 2013ರ ಜೂನ್ 30ರಂದು ಬೀದಿಗಿಳಿದ ಅಪಾರ ಜನರ ಸಿಟ್ಟು ನಿಜವಾದದ್ದು. ಆದರೆ ಆ ಸಿಟ್ಟನ್ನು ಸೇನೆ ಬಳಸಿಕೊಂಡಿತು. ಆಗಸ್ಟ್ 14ರಂದು ರಬಾ ಚೌಕದಲ್ಲಿ ಕನಿಷ್ಠ 817 ಜನ ಸತ್ತರು ಎನ್ನುತ್ತದೆ ಹ್ಯೂಮನ್ ರೈಟ್ಸ್ ವಾಚ್. ಅಕ್ಟೋಬರಿನಲ್ಲಿ ಅಮೆರಿಕ ಒಂದಿಷ್ಟು ನೆರವನ್ನು ತಡೆಹಿಡಿಯಿತು, 2015ರಲ್ಲಿ ಬಿಟ್ಟುಕೊಟ್ಟಿತು.

ನಮ್ಮ ಮೆರವಣಿಗೆಗಳಲ್ಲಿ ‘ಇಂಕ್ವಿಲಾಬ್’ ಎಂದರೆ ಕ್ರಾಂತಿ. ಇಂದಿನ ಅರಬ್ಬಿಯಲ್ಲಿ ಅದೇ ಪದಕ್ಕೆ ಸೇನೆಯ ಕ್ಷಿಪ್ರಕ್ರಾಂತಿ ಎಂದರ್ಥ. ಜನಕ್ರಾಂತಿಗೆ ಅವರು ‘ಥೌರಾ’ ಎನ್ನುತ್ತಾರೆ. ನಡೆದದ್ದು ಇವೆರಡರಲ್ಲಿ ಯಾವುದು ಎಂದು ಈಜಿಪ್ಟಿನ ಮನೆಮನೆಗಳಲ್ಲಿ ಜಗಳವಾಯಿತು. ನಮ್ಮ ‘ಕ್ಷಿಪ್ರಕ್ರಾಂತಿ’ಯ ಹೊಟ್ಟೆಯಲ್ಲೂ ‘ಕ್ರಾಂತಿ’ ಕೂತಿದೆ. ಪತ್ರಿಕೆ ಓದುವಾಗ ನಾವು ಅದನ್ನು ಗಮನಿಸುವುದೇ ಇಲ್ಲ.

ಕಾದಂಬರಿಕಾರ ಅಲಾ ಅಲ್ ಅಸ್ವಾನಿ ತಹ್ರೀರ್‌ನಲ್ಲಿದ್ದವರು; ಮೊರ್ಸಿಯ ಪದಚ್ಯುತಿಯನ್ನೂ ಬೆಂಬಲಿಸಿದ್ದರು. 2018ರಲ್ಲಿ ಬೈರೂತ್‌ನಿಂದ ಪ್ರಕಟವಾದ ಅವರ ಕಾದಂಬರಿಗೆ ಈಜಿಪ್ಟಿನಲ್ಲಿ ನಿಷೇಧ ಬಿತ್ತು. ಅದರ ಅರಬ್ಬಿ ಹೆಸರನ್ನು ಕನ್ನಡದಲ್ಲಿ ‘ಗಣರಾಜ್ಯ ಎಂಬಂತೆ’ ಎನ್ನಬಹುದು. ವಾಷಿಂಗ್ಟನ್ ಹೇಳದೆ ಉಳಿಸಿದ ಮಾತನ್ನು ಹೇಳಲು ಅಲ್ಲಿನ ಲೇಖಕರೊಬ್ಬರು ಪುಸ್ತಕವನ್ನು ಪರದೇಶದಲ್ಲಿ ಅಚ್ಚುಹಾಕಿಸಬೇಕಾಯಿತು.