ಬೇಲಿಯಾಚೆಯ ಲೆಕ್ಕ

ಕೋಟದ ಶಿವರಾಮ ಕಾರಂತರು ಎಂಬತ್ತು ದಾಟಿದ ಮೇಲೆ, 1989ರ ಲೋಕಸಭಾ ಚುನಾವಣೆಗೆ ನಿಂತದ್ದು ಕೈಗಾ ಅಣುಸ್ಥಾವರವನ್ನು ವಿರೋಧಿಸಿ. ಸೋತರು. 2000ದಲ್ಲಿ ಸ್ಥಾವರ ಶುರುವಾಯಿತು. ಈಗ ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅಪಘಾತದ ಭಯ, ಕಾಡಿನ ನಾಶ ಚರ್ಚೆಯಾದಷ್ಟು, ಏನೂ ಕೆಡದೆ ನಡೆಯುವ ಸ್ಥಾವರದಲ್ಲೂ ಹುಟ್ಟುವ ವಿಕಿರಣಶೀಲ ಕಾರ್ಬನ್-14 ಚರ್ಚೆಯಾಗಲಿಲ್ಲ.

ಕೈಗಾದವು ಭಾರಜಲದ ರಿಯಾಕ್ಟರುಗಳು. ಆ ನೀರಿನ ಆಮ್ಲಜನಕದಲ್ಲಿ ಅತ್ಯಲ್ಪ ಪಾಲು ಆಮ್ಲಜನಕ-17. ಅದಕ್ಕೆ ನ್ಯೂಟ್ರಾನ್ ಬಡಿದರೆ ಆಲ್ಫಾ ಕಣ ಹೊರಬಿದ್ದು ಕಾರ್ಬನ್-14 ಉಳಿಯುತ್ತದೆ. ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಟನ್‌ಗಟ್ಟಲೆ ಭಾರಜಲ ತುಂಬಿರುವುದರಿಂದ ಸಾದಾ ನೀರಿನ ರಿಯಾಕ್ಟರಿಗಿಂತ ಇಲ್ಲಿ ಹುಟ್ಟುವಳಿ ಜಾಸ್ತಿ. ಸಾಕಷ್ಟನ್ನು ಶುದ್ಧೀಕರಣದ ರಾಳ ಹಿಡಿದಿಡುತ್ತದೆ. ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬಿದ್ದು ಎಲೆಗೆ, ಅಕ್ಕಿಗೆ, ಹಾಲಿಗೆ ಸೇರುತ್ತದೆ. ಅದರ ಬೀಟಾ ಕಣಕ್ಕೆ ಹೊರಗಿನಿಂದ ಮೈಯ ಆಳಕ್ಕಿಳಿಯುವ ತ್ರಾಣವಿಲ್ಲ. ಬರುವುದು ಊಟದ ದಾರಿಯಲ್ಲಿ.

ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕೈಗಾ ಸುತ್ತಲಿನ ಗಿಡಗಳಲ್ಲಿ ಇದನ್ನು ಅಳೆದಿದ್ದಾರೆ. ಮೆಚ್ಚಬೇಕಾದ ಕ್ರಮ. ಗಾಳಿಯನ್ನು ಒಂದು ಹೊತ್ತು ಹಿಡಿದರೆ ಆ ಹೊತ್ತಿನದಷ್ಟೇ ತಿಳಿಯುತ್ತದೆ. ಎಲೆಯಲ್ಲಾದರೆ ಅದು ಬೆಳೆದಷ್ಟು ಕಾಲದ ಹಗಲೆಲ್ಲ ಜಮೆಯಾಗಿರುತ್ತದೆ. ಸ್ಥಾವರದ ಹತ್ತಿರ, ಗಾಳಿಯಲ್ಲಿ ಸಹಜವಾಗಿ ಇರುವುದಕ್ಕಿಂತ ತುಸು ಹೆಚ್ಚು, ಜನರಿಗೆ ತಗಲುವ ವಿಕಿರಣ ತೀರ ಅಲ್ಪ ಎಂಬುದು ಸಿಕ್ಕ ಉತ್ತರ. ಅದನ್ನು ನಂಬಲು ನನಗೆ ಅಡ್ಡಿಯಿಲ್ಲ.

ನನ್ನ ತಕರಾರು ಅಳತೆಗೋಲಿನದು. ಸ್ಥಾವರದ ಬೇಲಿಯಾಚೆಯವರಿಗೆ ತಗಲುವ ವಿಕಿರಣ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದೆಂಬುದು ನಿಯಮ. ಇದೇ ಸ್ಥಾವರದಲ್ಲಿ ಹುಟ್ಟುವ, ಹನ್ನೆರಡು ವರ್ಷಕ್ಕೆ ಅರ್ಧವಾಗುವ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕಕ್ಕೆ ಈ ವಾರ್ಷಿಕ ಲೆಕ್ಕ ಒಪ್ಪುತ್ತದೆ. ಕಾರ್ಬನ್-14 ಅರ್ಧವಾಗಲು 5,730 ವರ್ಷ ಬೇಕು. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ 1432ರಲ್ಲಿ ಗಾಳಿಗೆ ಬಿಟ್ಟದ್ದರಲ್ಲಿ ನೂರಕ್ಕೆ ತೊಂಬತ್ತಮೂರು ಪಾಲು ಇಂದಿಗೂ ಉಳಿದಿರುತ್ತಿತ್ತು. ಅದು ಬೇಲಿಯ ಬಳಿ ನಿಲ್ಲುವುದೂ ಇಲ್ಲ, ಭೂಮಿಯನ್ನೆಲ್ಲ ಸುತ್ತುತ್ತದೆ. ಆದ್ದರಿಂದ ಡೋಸಿನ ಜೊತೆಗೆ ಒಟ್ಟು ಎಷ್ಟು ಹುಟ್ಟಿತು, ಎಷ್ಟು ರಾಳದಲ್ಲಿದೆ, ಎಷ್ಟು ಹಾರಿಹೋಯಿತು ಎಂಬ ಕೂಡುಮೊತ್ತವನ್ನೂ ಜನರ ಮುಂದಿಡಬೇಕು.

ಉಡುಪಿಯವರಿಗೆ ಈ ಎಲೆಯ ಅಳತೆಯಲ್ಲಿ ಇನ್ನೊಂದು ಆಸಕ್ತಿ ಇದೆ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಸ್ಥಾವರ ಸುಡುವ ಕಲ್ಲಿದ್ದಲು ಎಷ್ಟು ಹಳತೆಂದರೆ ಅದರಲ್ಲಿ ಕಾರ್ಬನ್-14 ಉಳಿದೇ ಇಲ್ಲ. ಹೊಗೆ ಬೆರೆತಷ್ಟೂ ಗಾಳಿಯಲ್ಲಿ ಅದರ ಪಾಲು ಇಳಿಯುತ್ತದೆ. ಕೈಗಾದಲ್ಲಿ ಹೆಚ್ಚಳ ತೋರಿಸಿದ ಎಲೆಯೇ ಇಲ್ಲಿ ಕೊರತೆ ತೋರಿಸಿ, ಕಲ್ಲಿದ್ದಲಿನ ಪಾಲೆಷ್ಟೆಂದು ಹೇಳಬಲ್ಲದು. ಕರಾವಳಿಗೆ ಈ ಎರಡನೆಯ ಲೆಕ್ಕವೇ ಹೆಚ್ಚು ತುರ್ತಿನದೆಂದು ನನ್ನ ಅಭಿಪ್ರಾಯ. ಆದರೆ ಕೈಗಾದ ಹೋಲಿಕೆಗೆ ಎಲ್ಲೂರಿನ ಎಲೆ ಕೊಯ್ಯಬಾರದು: ಅಲ್ಲಿನ ಕೊರತೆಯನ್ನೇ ಸಹಜವೆಂದು ಹಿಡಿದರೆ ಕೈಗಾದ ಹೆಚ್ಚಳ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.