ಚನಿಯನ ಕೂಲಿ ಎಲ್ಲಿ ಜಮೆಯಾಯಿತು?

ನಮ್ಮಪ್ಪ ಸತ್ತದ್ದು 1986ರಲ್ಲಿ. ಹನ್ನೊಂದನೆಯ ದಿನ ಎಡೆ ಇಟ್ಟು ಇನ್ನೂ ಕೈ ತೊಳೆದಿರಲಿಲ್ಲ, ಸಾಹುಕಾರರ ಲೆಕ್ಕದವನು ಬಂದ. ಕೇರಿಯೊಳಕ್ಕೆ ಕಾಲಿಡಲಿಲ್ಲ. ಬೇವಿನ ಮರದ ಕೆಳಗೇ ನಿಂತು ಅಣ್ಣನನ್ನು ಕೂಗಿದ: "ಏನ್ಲಾ, ನಿಮ್ಮಪ್ಪ ಹೋದ. ಅವ್ನ ಲೆಕ್ಕವೂ ಹೋಯ್ತದಾ?" ನಮ್ಮ ಮನೆಯ ಮೈಲಿಗೆ ಅವನಿಗೆ ತಾಗುತ್ತಿತ್ತು, ನಮ್ಮ ದುಡ್ಡಿನ ಮೈಲಿಗೆ ತಾಗುತ್ತಿರಲಿಲ್ಲ. ಅಪ್ಪ ಬಿಟ್ಟುಹೋದದ್ದು ಹಕ್ಕುಪತ್ರವಿಲ್ಲದ ಗುಡಿಸಲು, ಒಂದು ಕಂಬಳಿ, ಒಂದು ಮಚ್ಚು. ಅಣ್ಣ ತನ್ನ ಕೂಲಿ ದುಡ್ಡಲ್ಲಿ ಕೊಂಡು ಸಾಕಿದ್ದ ಕಡಸನ್ನು ಮಾರಿ ಕಟ್ಟಿದ. ಯಾಕೆ ಕಟ್ಟಬೇಕಿತ್ತು ಅಂದರೆ ಅವ್ವ ಹೇಳಿದಳು: "ಸಾಲ ಹೊತ್ಕಂಡು ಹೋದ್ರೆ ಅವನ್ಗೆ ಮುಕ್ತಿ ಸಿಕ್ಕಲ್ಲ ಕಣಪ್ಪ."

ಮುಂದೆ ನಾನು ಮೇಷ್ಟ್ರಾದೆ. ಒಂದು ದಿನ ಮಕ್ಕಳಿಗೆ ಕಾರಂತರ 'ಚೋಮನ ದುಡಿ'ಯನ್ನು ಓದಿ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಕೇಳಿದಳು: "ಸಾರ್, ಚನಿಯ ಸತ್ತೋದ್ನಲ್ಲ, ಅವ್ನು ದುಡಿದ ಕೂಲಿ ಎಲ್ಲಿ ಜಮೆ ಆಯ್ತು?"

ಗೆಳೆಯರೇ, ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಕಂಡಿಲ್ಲ. 1933ರ ಕಾದಂಬರಿ ಅದು, 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು. ಎರಡರ ಬಗ್ಗೆಯೂ ಬರೆದವರು ಚೋಮನ ಬೇಸಾಯದ ಆಸೆಯನ್ನು ಬರೆದರು, ಅವನ ದುರಂತದ ಘನತೆಯನ್ನು ಬರೆದರು. ನಮ್ಮ ವಿಮರ್ಶೆಗೆ ದುಡಿಯ ಸದ್ದು ಕೇಳಿಸಿದಷ್ಟು ಲೆಕ್ಕದ ಹಾಳೆ ಮಗುಚುವ ಸದ್ದು ಕೇಳಿಸಲಿಲ್ಲ. ಕತೆಯನ್ನು ಮುಂದಕ್ಕೆ ನೂಕುವುದು ಕಾಫಿತೋಟದ ಸಾಲ. ಚನಿಯ, ಗುರುವ ತೋಟಕ್ಕೆ ಹೋಗುವುದು ಅಪ್ಪನ ಸಾಲಕ್ಕೆ. ಚನಿಯ ಕಾಯಿಲೆ ಬಿದ್ದು ಸಾಯುತ್ತಾನೆ, ಗುರುವ ಕ್ರೈಸ್ತ ಹುಡುಗಿಯ ಕೈಹಿಡಿದು ದೂರವಾಗುತ್ತಾನೆ. ಸಾಲ ಮಾತ್ರ ಕದಲುವುದಿಲ್ಲ. ಬೆಳ್ಳಿ ಹೋಗಬೇಕು. ಕೊನೆಗೆ ಸಾಲ ತೀರುವುದು ಬೆಳ್ಳಿಯ ಮೈಯಿಂದ. ಒಂದು ಹೆಣ, ಒಂದು ಹೆಣ್ಣು ಜಮಾ ಬಿದ್ದ ಮೇಲೆ ಖಾತೆ ಚುಕ್ತ! ಕಾರಂತರು ಇಷ್ಟನ್ನೂ ಪ್ರಾಮಾಣಿಕವಾಗಿ ಕಂಡಿದ್ದಾರೆ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಲೆಕ್ಕವನ್ನು ಬಿಡಿಸಿ ತೋರಿಸುವ ಗೋಜಿಗೆ ಹೋಗಲಿಲ್ಲ. ಚೋಮನೂ ತೋಟದವರನ್ನು ಲೆಕ್ಕ ಕೇಳುವವನಲ್ಲ.

ಲೆಕ್ಕ ಬಿಡಿಸಿದವನು ಪ್ರೇಮಚಂದ್. 'ಸವಾ ಸೇರ್ ಗೇಹೂಂ' ಕತೆಯ ಶಂಕರ, ಮನೆಗೆ ಬಂದ ಸಾಧುವಿನ ಊಟಕ್ಕೆಂದು ಪುರೋಹಿತನಿಂದ ಸವಾ ಸೇರು ಗೋಧಿ ತರುತ್ತಾನೆ. ಏಳು ವರ್ಷದ ಮೇಲೆ ಅದು ಐದೂವರೆ ಮಣ ಆಗಿದೆ ಅನ್ನುತ್ತಾನೆ ಪುರೋಹಿತ. ಕಣದಲ್ಲಿ ತಾನು ಹೆಚ್ಚಾಗಿಯೇ ಅಳೆದು ಕೊಟ್ಟದ್ದು ಶಂಕರನಿಗೆ ನೆನಪಿದೆ. ಆದರೂ ಬಗ್ಗುತ್ತಾನೆ. ಪುರೋಹಿತ ದೊಣ್ಣೆ ಎತ್ತಲಿಲ್ಲ, ಇಲ್ಲಿ ಕೊಡದಿದ್ದರೆ ದೇವರ ಮನೆಯಲ್ಲಿ ಕೊಡಬೇಕಾಗುತ್ತದೆ ಎಂದು ಹೆದರಿಸಿದ, ಅಷ್ಟೆ. ನಮ್ಮವ್ವನ ಬಾಯಲ್ಲಿದ್ದದ್ದೂ ಇದೇ ಹೆದರಿಕೆ. 60 ರೂಪಾಯಿಗೆ ಪತ್ರವಾಗುತ್ತದೆ, ಸ್ಟಾಂಪಿನ ದುಡ್ಡೂ ಶಂಕರನದೇ. ಅವನು 20 ವರ್ಷ ಗುಲಾಮಗಿರಿ ಮಾಡಿ ಸಾಯುವಾಗ ತಲೆಯ ಮೇಲೆ ಇನ್ನೂ 120 ರೂಪಾಯಿ ಇದೆ. ಪುರೋಹಿತ ಮಗನ ಕತ್ತು ಹಿಡಿಯುತ್ತಾನೆ.

ಈ ಕತ್ತು ಹಿಡಿಯುವ ಹಕ್ಕು ಎಲ್ಲಿಂದ ಬಂತು? ಶಾಸ್ತ್ರದಿಂದ ಬಂತು. ತಂದೆಯ ಸಾಲವನ್ನು ಮಗ ಬಡ್ಡಿ ಸಮೇತ ತೀರಿಸಬೇಕು, ಮೊಮ್ಮಗ ಅಸಲು ತೀರಿಸಬೇಕು ಎಂದು ಬೃಹಸ್ಪತಿ ಸ್ಮೃತಿ. ಮನು ಬಡ್ಡಿಗೂ ಜಾತಿ ಹಚ್ಚಿದ: ತಿಂಗಳಿಗೆ ನೂರಕ್ಕೆ ಬ್ರಾಹ್ಮಣನಿಂದ 2, ಕ್ಷತ್ರಿಯನಿಂದ 3, ವೈಶ್ಯನಿಂದ 4, ಶೂದ್ರನಿಂದ 5. ನಾವಂತೂ ಆ ಪಟ್ಟಿಯಲ್ಲೇ ಇಲ್ಲ. ಪಿತೃಋಣ ಅಂತ ಭಾಷಣ ಬಿಗಿಯುವವರು ಈ ದರಪಟ್ಟಿಯನ್ನೂ ಒಮ್ಮೆ ಓದಲಿ.

ಇನ್ನು ಕಾನೂನಿನ ಮಾತು. ಮೇಷ್ಟ್ರುಗಳು ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಮಿನ ಪ್ರಕಾರ, ಸತ್ತವನ ವಾರಸುದಾರ ಹೊಣೆಯಾಗುವುದು ಸತ್ತವನ ಆಸ್ತಿ ತನ್ನ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ. ಆಸ್ತಿ ಇಲ್ಲವೋ, ವಸೂಲಿಯೂ ಇಲ್ಲ. ಅಣ್ಣನ ಕಡಸು ಅಪ್ಪನ ಆಸ್ತಿಯಾಗಿರಲಿಲ್ಲ. ಅವನು ಕೊಡಬೇಕಾಗಿಯೇ ಇರಲಿಲ್ಲ. ಜೀತ ನಿಷೇಧದ 1976ರ ಕಾಯಿದೆಯಂತೂ ಶಂಕರನ ಮಗನನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದಂತಿದೆ: ಹಿರಿಯರಿಂದ ವಾರಸಾಗಿ ಬಂದ ಹೊಣೆಗೆ ದುಡಿಸಿಕೊಳ್ಳುವುದೂ ಜೀತವೇ, ಆ ಸಾಲವೇ ರದ್ದು. ಮಗನ ಧರ್ಮ ಅನ್ನುವ ಒಂದೇ ಕಾರಣಕ್ಕೆ ಅಪ್ಪನ ಸಾಲಕ್ಕಾಗಿ ಮಗನ ಮೇಲೆ ಹೋಗುವ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ತೆಗೆದುಹಾಕಿತು. ಆ ವರ್ಷದ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಗಳಿಗೆ ಇದು ಅನ್ವಯ. ಬೃಹಸ್ಪತಿಯನ್ನು ಕೆಳಗಿಳಿಸಲು 2005ರವರೆಗೆ ಕಾಯಬೇಕಾಯಿತು!

ಹಾಗಂತ ಎಲ್ಲ ಮಾಫಿ ಅಂದುಕೊಂಡು ಕೂರುವಂತಿಲ್ಲ. ಅಡವಿಟ್ಟ ಜಮೀನಿನ ಹೊಣೆ ಜಮೀನಿನ ಜೊತೆಗೇ ಬರುತ್ತದೆ. ಹೆಂಡತಿ ತಾನೂ ಜಂಟಿ ಸಾಲಗಾರಳಾಗಿದ್ದರೆ, ಜಾಮೀನು ಹಾಕಿದ್ದರೆ ಆಕೆಯ ಹೊಣೆ ಬೇರೆ. ಆದರೆ ಎಲ್ಲಕ್ಕಿಂತ ದೊಡ್ಡ ಮೋಸ ಶಂಕರನಿಗೆ ಆದದ್ದೇ: ಹೊಸ ಪತ್ರ. "ಹಳೇದು ಬಿಡಮ್ಮ, ಸುಮ್ನೆ ಇದ್ರ ಮೇಲೊಂದು ಹೆಬ್ಬೆಟ್ಟು ಹಾಕು" ಅನ್ನುತ್ತಾರೆ. ಹಾಕಿದರೆ ಸತ್ತವನ ಸಾಲ ಬದುಕಿರುವವಳ ಸಾಲವಾಗುತ್ತದೆ. ಮೊದಲು ಮೂಲ ಕಾಗದ ಕೇಳಿ, ಕಟ್ಟಿದ್ದರ ಲೆಕ್ಕ ಕೇಳಿ. ಸಾಲ ಕೊಡುವಾಗ ವಿಮೆಯ ದುಡ್ಡು ಹಿಡಿದಿದ್ದರೆ ಆ ವಿಮೆ ಏನಾಯಿತು ಕೇಳಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆಂದು ಫೋನು ಮಾಡಕೂಡದು, ಮನೆಯವರನ್ನು ಬೆದರಿಸಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಕಿರುಸಾಲದವರ ದಬ್ಬಾಳಿಕೆಯ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು ಅಂತಲೂ ಬರೆಯಿತು. ಬರೆದದ್ದು ಕೇರಿಯವರೆಗೆ ನಡೆದು ಬರಬೇಕಲ್ಲ.

ಈಗಿನ ವಸೂಲಿ ಹಳೆಯದಕ್ಕಿಂತ ಜಾಣ. ಹತ್ತು ಹೆಂಗಸರನ್ನು ಗುಂಪು ಮಾಡಿ ಒಬ್ಬರಿಗೊಬ್ಬರನ್ನು ಹೊಣೆ ಮಾಡಿರುತ್ತಾರೆ. ಒಬ್ಬಳ ಗಂಡ ಸತ್ತು ಕಂತು ನಿಂತರೆ ಬಾಗಿಲಿಗೆ ಬರುವವರು ಉಳಿದ ಒಂಬತ್ತು ಜನ. ಬಯ್ಯುವವರೂ ನಮ್ಮವರೇ, ಬಯ್ಯಿಸಿಕೊಳ್ಳುವವಳೂ ನಮ್ಮವಳೇ. ಸಾಹುಕಾರನನ್ನು ಬಯ್ದು ಪದ್ಯ ಕಟ್ಟುವುದು ನಮಗೆ ಸಲೀಸಾಗಿತ್ತು. ಈ ಒಂಬತ್ತು ಹೆಂಗಸರನ್ನು ಏನೆಂದು ಬರೆಯುವುದು? ನಮ್ಮ ಕತೆಗಾರರು ಇಲ್ಲಿ ತಡವರಿಸುತ್ತಿದ್ದಾರೆ, ಇನ್ನೂ ಮೀಸೆಯ ಗೌಡನನ್ನೇ ಕತೆಗೆ ತರುತ್ತಿದ್ದಾರೆ.

ಹೋದ ವರ್ಷ ನಮ್ಮ ಕೇರಿಯಲ್ಲಿ ಒಂದು ಸಾವಾಯಿತು. ಕಂತಿನ ಹುಡುಗ ಬೈಕಿನಲ್ಲಿ ಬಂದ. ಅವನೂ ಯಾವುದೋ ಕೇರಿಯವನೇ ಇದ್ದಾನು. ಗುಂಪಿನ ಹೆಂಗಸರು ಈ ಸಲ ಸತ್ತವನ ಹೆಂಡತಿಯ ಕಡೆ ನಿಂತರು. ಅವರಲ್ಲೊಬ್ಬಳು, "ಕಾಗ್ದ ತೋರ್ಸಪ್ಪ. ಇಮೆ ದುಡ್ಡು ಹಿಡ್ಕಂಡಿದ್ರಲ್ಲ, ಅದ್ರದ್ದೂ ತಕ್ಕಂಡು ಬಾ" ಅಂದಳು. ಆಫೀಸಿನಿಂದ ತರ್ತೀನಿ ಎಂದು ಬೈಕು ಹತ್ತಿದ. ಆ ಕಾಗದ ಇನ್ನೂ ಬಂದಿಲ್ಲ.