ಓದುಗನ ಬಾಗಿಲು, ಲೇಖಕನ ಗೋಡೆ

ನಾಲ್ವತ್ತು ವರ್ಷಗಳ ಹಿಂದೆ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಹೊರದೇಶದ ವಿದ್ವತ್ಪತ್ರಿಕೆಯ ಲೇಖನ ಬೇಕಾದಾಗ ಅದನ್ನು ಬರೆದವರಿಗೇ ಕಾರ್ಡು ಹಾಕಿ ಪ್ರತಿಯೊಂದನ್ನು ಬೇಡುವುದು ಆಗಿನ ವಾಡಿಕೆ. ಎರಡು ಮೂರು ತಿಂಗಳಿಗೆ ಲಕೋಟೆ ಬಂದರೆ ಅಂದು ಹಬ್ಬ. ಈಗ ಅಂಥ ಲೇಖನ ನಿಮಿಷದಲ್ಲಿ ಪರದೆಯ ಮೇಲೆ ಮೂಡುತ್ತದೆ; ಆದರೆ ಅನೇಕ ವೇಳೆ ಸಾರಾಂಶ ಮುಗಿಯುತ್ತಲೇ ಹಣ ಕೇಳುವ ಗೋಡೆ ಎದುರಾಗುತ್ತದೆ. ಬರೆದವರು ಕಾಸು ಬಯಸಿದವರಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ!

ಈ ಗೋಡೆಯನ್ನು ಕೆಡವಲು ಹೊರಟ 2002ರ ಬುಡಾಪೆಸ್ಟ್ ಘೋಷಣೆಯನ್ನು ಈಚೆಗೆ ಮತ್ತೊಮ್ಮೆ ಓದಿದೆ. ಚಿಕ್ಕ ಬರಹ, ವಾದ ಸರಳ, ಸುಂದರ. ವಿದ್ವಾಂಸರು ಸಂಭಾವನೆಗಾಗಿ ಬರೆಯುವುದಿಲ್ಲ. ಅಂತರಜಾಲ ಅದನ್ನು ಎಲ್ಲರಿಗೂ ಮುಟ್ಟಿಸಬಲ್ಲದು. ಆದ್ದರಿಂದ ಓದು ಉಚಿತವಾಗಲಿ. ಅದು ತೋರಿದ ದಾರಿ ಎರಡು: ಲೇಖಕರೇ ತಮ್ಮ ಪ್ರತಿಯನ್ನು ಸಾರ್ವಜನಿಕ ಭಂಡಾರದಲ್ಲಿ ಇಡುವುದು, ಚಂದಾ ಕೇಳದ ಪತ್ರಿಕೆಗಳನ್ನು ನಡೆಸುವುದು.

ನನ್ನ ಆಕ್ಷೇಪ ಎರಡನೆಯ ದಾರಿಯ ಬಗೆಗೆ. ಪತ್ರಿಕೆಯ ಖರ್ಚಿಗೆ ಸರ್ಕಾರ, ವಿಶ್ವವಿದ್ಯಾನಿಲಯ, ದತ್ತಿನಿಧಿ ಎಂದೆಲ್ಲ ಹೆಸರಿಸಿದ ಘೋಷಣೆ, ಪಟ್ಟಿಯ ಕೊನೆಗೆ ಸಂಶೋಧಕರನ್ನೂ ಸೇರಿಸಿತು. ಕೊನೆಯಲ್ಲಿ ಕೂತ ಆ ಮಾತೇ ಕಾಲಕ್ರಮದಲ್ಲಿ ಪಂಕ್ತಿಯ ಮೊದಲಿಗೆ ಬಂದಿತು. ಉಚಿತ ಓದಿಗಾಗಿ 'ನೇಚರ್' ಪತ್ರಿಕೆ 2020ರಲ್ಲಿ ಸಾರಿದ ದರ ಲೇಖನವೊಂದಕ್ಕೆ 9,500 ಯೂರೋ! ಮೈಸೂರಿನ ಸಂಶೋಧನ ವಿದ್ಯಾರ್ಥಿ ಅದನ್ನು ಎಲ್ಲಿಂದ ತಂದಾನು? ಓದುಗನ ಮುಂದಿದ್ದ ಗೋಡೆಯನ್ನು ಕೆಡವಿ, ಅದೇ ಕಲ್ಲಿನಿಂದ ಲೇಖಕನ ಮುಂದೆ ಕಟ್ಟಿದಂತಾಯಿತು.

ನಮ್ಮ ಸರ್ಕಾರ 2025ರಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯನ್ನು ಆರಂಭಿಸಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿ, ಅಧ್ಯಾಪಕರಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಲ್ಲೂಕು ಪಟ್ಟಣದಲ್ಲಿ ಸ್ವಂತ ದವಾಖಾನೆ ನಡೆಸುವ ವೈದ್ಯರು, ನನ್ನಂಥ ನಿವೃತ್ತರು ಇದರಿಂದ ಹೊರಗೇ ಉಳಿದೆವು. ಬೀಗದ ಕೈ ಸಿಕ್ಕಿದ್ದು ಸಂಸ್ಥೆಗೆ, ಜಿಜ್ಞಾಸುವಿಗಲ್ಲ.

ಹಾಗಾದರೆ ಘೋಷಣೆಯೇ ವ್ಯರ್ಥವೆ? ಅಲ್ಲ. ಅದರ ಮೊದಲನೆಯ ದಾರಿಗೆ ಖರ್ಚು ಕಡಮೆ, ನ್ಯಾಯ ಹೆಚ್ಚು. ಭೌತವಿಜ್ಞಾನಿಗಳು ಘೋಷಣೆಗೂ ಮುಂಚೆ, 1991ರಿಂದಲೇ, 'ಆರ್ಕೈವ್' ಎಂಬ ಭಂಡಾರದಲ್ಲಿ ತಮ್ಮ ಲೇಖನಗಳನ್ನು ಇಡುತ್ತ ಬಂದಿದ್ದಾರೆ. ಅಲ್ಲಿ ಓದುವವನೂ ಕೊಡಬೇಕಿಲ್ಲ, ಬರೆದವನೂ ಕೊಡಬೇಕಿಲ್ಲ. ನನ್ನ ಕಾರ್ಡಿಗೆ ಲಕೋಟೆ ಕಳುಹಿಸಿದ ಆ ವಿದ್ವಾಂಸರು ಮಾಡಿದ್ದೂ ಇದನ್ನೇ ಅಲ್ಲವೆ?